ಮ್ಯಾಲ ಮಳಿ ಹ್ಯಾಂಗದ? ಕಲಬುರಗಿಯಿಂದ ಭೀಮಾಶಂಕರಕ್ಕೆ

ಅಫಜಲಪುರ ತಾಲ್ಲೂಕಿನ ಹೊಳೆದಂಡೆಯ ಊರು ನಮ್ಮದು. ಮಳೆಗಾಲ ಬಂತೆಂದರೆ ಅಪ್ಪ ದಿನಾ ಕೇಳುವುದು ಒಂದೇ ಮಾತು: “ಮ್ಯಾಲ ಮಳಿ ಹ್ಯಾಂಗದ?” ಮ್ಯಾಲ ಅಂದರೆ ಮಹಾರಾಷ್ಟ್ರ, ಉಜನಿ ಡ್ಯಾಮು, ಅದರಾಚೆಯ ಘಟ್ಟ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ತೊಗರಿ ಹೊಲ ನುಂಗಿದಾಗಿನಿಂದ ಆ ‘ಮ್ಯಾಲ’ ಎಂಥದು ಅಂತ ಒಮ್ಮೆ ಕಣ್ಣಾರೆ ನೋಡುವ ಆಸೆ ಇತ್ತು. ಹೋದ ಸೆಪ್ಟೆಂಬರಿನಲ್ಲಿ ನಾನೂ ತಮ್ಮನೂ ಭೀಮೆ ಹುಟ್ಟುವ ಘಟ್ಟದ ಮೇಲಿನ ಶಿವನ ಕ್ಷೇತ್ರ ಭೀಮಾಶಂಕರಕ್ಕೆ ಹೊರಟೇಬಿಟ್ಟೆವು.

ಕಲಬುರಗಿಯಿಂದ ರಾತ್ರಿ ರೈಲು ಹಿಡಿದರೆ ಸೊಲ್ಲಾಪುರ, ದೌಂಡ್ ದಾಟಿ ಬೆಳಿಗ್ಗೆ ಪುಣೆ. ಸೀಟು ಮೊದಲೇ ಬುಕ್ ಮಾಡಿ. ಮುಂಬೈ ಕಡೆಯ ಗಾಡಿಗಳು ನಮ್ಮ ಸ್ಟೇಷನ್‌ಗೆ ಬರುವಷ್ಟರಲ್ಲೇ ತುಂಬಿರುತ್ತವೆ. ಪುಣೆಯಲ್ಲಿ ಭೀಮಾಶಂಕರದ ಎಸ್.ಟಿ. ಬಸ್ಸು ಸಿಗುವುದು ವಾಕಡೇವಾಡಿಯ ಶಿವಾಜಿನಗರ ನಿಲ್ದಾಣದಲ್ಲಿ. ಸ್ಟೇಷನ್ ಹೊರಗೆ ಒಬ್ಬ ಟ್ಯಾಕ್ಸಿಯವನು “ಇವತ್ತು ಬಸ್ಸೇ ಇಲ್ಲ” ಅಂದ. ಅವನ ಮಾತು ನಂಬಿ ಒಂದು ತಾಸು ಕಳೆದುಕೊಂಡೆವು. ನೀವು ನೇರ ನಿಲ್ದಾಣಕ್ಕೆ ಹೋಗಿ ಕೇಳಿ. ಮಂಚರ್, ಘೋಡೆಗಾಂವ್ ಮೇಲೆ ಹೋಗುವ ದಾರಿ ಸುಮಾರು ನಾಲ್ಕು ತಾಸಿನದು. ಕಾರಿನಲ್ಲಿ ಹೋಗುವವರು ಭಿಗವಣದ ಹತ್ತಿರ ಉಜನಿ ಹಿನ್ನೀರಿನ ಬಳಿ ನಿಲ್ಲಿಸಿ. ಚಳಿಗಾಲದಲ್ಲಿ ಅಲ್ಲಿಗೆ ಫ್ಲೆಮಿಂಗೊ ಬರುತ್ತವೆ.

ಘಟ್ಟ ಅಂದರೆ ಎದುರಿಗೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ ಅಂದುಕೊಂಡಿದ್ದೆ. ನಮ್ಮ ಕಡೆಯಿಂದ ಹೋದರೆ ಹಾಗೆ ಕಾಣುವುದೇ ಇಲ್ಲ. ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ, ಭೀಮಾಶಂಕರ ಸಾವಿರ ಮೀಟರ್ ಆಸುಪಾಸು. ನಡುವಿನ ಏರು ಎಷ್ಟು ನಿಧಾನ ಅಂದರೆ ಕೊನೆಯ ಕೆಲವು ತಿರುವುಗಳ ತನಕ ಗೊತ್ತೇ ಆಗುವುದಿಲ್ಲ. ಆಮೇಲೆ ಅಲ್ಲಿನ ನಾಗಫಣಿ ಅನ್ನುವ ಗುಡ್ಡದ ತುದಿಗೆ ನಡೆದು ಪಶ್ಚಿಮಕ್ಕೆ ನೋಡಬೇಕು: ಕಾಲಬುಡದಲ್ಲೇ ನೆಲ ಕತ್ತರಿಸಿದಂತೆ ಕೊಂಕಣಕ್ಕೆ ಇಳಿದಿದೆ. ಸಹ್ಯಾದ್ರಿ ನಮ್ಮ ದಖ್ಖನ್ ಬಯಲಿನದೇ ಮುರಿದ ಅಂಚು ಅನ್ನುವುದು ನನಗೆ ಅಲ್ಲಿ ನಿಂತಾಗಲೇ ಅರ್ಥವಾಯಿತು.

ಆ ಕಡಿದಾದ ಮೈಯಲ್ಲಿ ಪದರ ಪದರವಾಗಿ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಒಂದರ ಮೇಲೊಂದು ಹರಿದು ಗಟ್ಟಿಯಾದದ್ದು. ದಾರಿಬದಿಯಲ್ಲಿ ಒಂದು ಚೂರು ಕೈಗೆತ್ತಿಕೊಂಡೆ. ಸಣ್ಣ ಸಣ್ಣ ತೂತು, ಒಂದೆರಡರಲ್ಲಿ ಬಿಳಿ ಹರಳು. ನಮ್ಮ ಹೊಲದ ಬಾವಿ ತೋಡಿದಾಗ ಸಿಕ್ಕಿದ್ದೂ ಇಂಥದೇ ಕಲ್ಲು. ನಮ್ಮ ಎರೆಮಣ್ಣು ಹುಟ್ಟಿದ್ದೂ ಇದು ಸವೆದೇ. ಕಲ್ಲನ್ನು ಅಲ್ಲೇ ಇಟ್ಟು ಬಂದೆ, ಅದು ಅಭಯಾರಣ್ಯ.

ಅರಬ್ಬಿ ಸಮುದ್ರ ಅಲ್ಲಿಂದ ನೂರು ಕಿ.ಮೀ. ಕೂಡ ದೂರವಿಲ್ಲ. ಆದರೂ ಈ ಅಂಚಿನ ಪೂರ್ವಕ್ಕೆ ಬಿದ್ದ ಹನಿ ಸಮುದ್ರಕ್ಕೆ ಬೆನ್ನು ಹಾಕಿ, ಭೀಮೆಯಾಗಿ ಪಂಢರಪುರ, ಗಾಣಗಾಪುರ ಸುತ್ತಿ, 861 ಕಿ.ಮೀ. ಹರಿದು, ಯಾದಗಿರಿ ದಾಟಿ ಕೃಷ್ಣೆಯನ್ನು ಸೇರುತ್ತದೆ. ಮುಂಗಾರಿನ ಮೋಡ ಈ ಗೋಡೆಗೆ ಬಡಿದು ಇಲ್ಲೇ ಮೂರು ಸಾವಿರ ಮಿ.ಮೀ.ನಷ್ಟು ಸುರಿಸಿಬಿಡುತ್ತದೆ. ಕಲಬುರಗಿಗೆ ಉಳಿಯುವುದು ವರ್ಷಕ್ಕೆ 750ರ ಆಸುಪಾಸು. ನಮಗೆ ಮಳೆ ತಪ್ಪಿಸುವುದೂ ಈ ಘಟ್ಟವೇ, ಹೊಳೆ ತುಂಬಿಸಿ ಕಳಿಸುವುದೂ ಈ ಘಟ್ಟವೇ.

ಇದನ್ನೆಲ್ಲ ನೋಡಲು ಒಂದು ರಾತ್ರಿಯಾದರೂ ಉಳಿಯಿರಿ. ಮೊದಲ ದಿನ ನಾಗಫಣಿಯಲ್ಲಿ ನಮಗೆ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಹತ್ತು ನಿಮಿಷ ತೆರೆಯಿತು, ಅಷ್ಟೇ. ತೀರ ಅಂಚಿಗೆ ಹೋಗಬೇಡಿ. ಗಾಳಿ ಜೋರು, ಕಲ್ಲಿನ ಮೇಲೆ ಪಾಚಿ. ಸ್ಪಷ್ಟ ನೋಟ ಬೇಕಿದ್ದವರಿಗೆ ಅಕ್ಟೋಬರ್ ಕೊನೆ ಒಳ್ಳೆಯದು. ಶ್ರಾವಣ ಮತ್ತು ಶಿವರಾತ್ರಿಯ ಜನದಟ್ಟಣೆಯಲ್ಲಿ ಘಟ್ಟ ನೋಡುವುದಾಗುವುದಿಲ್ಲ. ಗುಡಿ ತೆರೆದಿದೆಯೇ ಅಂತಲೂ ಹೊರಡುವ ಮೊದಲೇ ಕೇಳಿಕೊಳ್ಳಿ. ನಗದು ಇಟ್ಟುಕೊಳ್ಳಿ, ಮೇಲೆ ನಮ್ಮ ಫೋನಿಗೆ ಸಿಗ್ನಲ್ಲೇ ಸಿಗಲಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದು ಎರಡು ಹೊತ್ತಿಗೆ ಬಂತು.

ಗುಡಿಯಿಂದ ಗುಪ್ತ ಭೀಮೆಗೆ, ಅಂದರೆ ಭೀಮೆ ನೆಲದಡಿಯಿಂದ ಮತ್ತೆ ಹೊರಬರುವ ಜಾಗಕ್ಕೆ, ಕಾಡಿನ ದಾರಿ. ತಮ್ಮ ಸುಮ್ಮನೆ ನಿಂತು ಮೇಲೆ ಕೈ ತೋರಿಸಿದ. ಕೊಂಬೆಯ ಮೇಲೆ ಶೇಕರು, ಅಂದರೆ ಕೆಂದಳಿಲು; ಮೈಗಿಂತ ಉದ್ದದ ಬಾಲ ಇಳಿಬಿಟ್ಟುಕೊಂಡು ಹಣ್ಣು ಕೊರೆಯುತ್ತಿತ್ತು. ಇನ್ನೂ ಮುಂದೆ ಹೋದರೆ ಕಲ್ಲಿನ ಸಂದಿಯಿಂದ ನೀರು. ನನ್ನ ಒಂದು ಹೆಜ್ಜೆಗೆ ದಾಟುವಷ್ಟು ಅಗಲ. ಅದರ ಬದಿಯಲ್ಲೇ ಅಗರಬತ್ತಿ ಪಾಕೀಟು, ಪ್ಲಾಸ್ಟಿಕ್ ಚೀಲ ಬಿದ್ದಿದ್ದವು. ಕಂಡು ಹೊಟ್ಟೆ ಉರಿಯಿತು. ಭೀಮೆಯ ಸರಡಗಿ ಬ್ಯಾರೇಜಿನಿಂದ ಕಲಬುರಗಿಯ ನಲ್ಲಿಗೆ ಬರುವುದು ಇದೇ ಹೊಳೆಯ ನೀರಲ್ಲವೇ? ಇಬ್ಬರೂ ಆರಿಸಿ ಚೀಲಕ್ಕೆ ತುಂಬಿಕೊಂಡೆವು. ನೀವೂ ಒಂದು ಖಾಲಿ ಚೀಲ ಒಯ್ಯಿರಿ.

ಡಿಸೆಂಬರಿನಲ್ಲಿ ಅಪ್ಪನನ್ನು ಕರೆದುಕೊಂಡು ಹೋಗುವುದಿದೆ. ಗುಡಿಗೆ ಇಳಿಯುವ ಮೆಟ್ಟಿಲು ಇನ್ನೂರಕ್ಕೂ ಹೆಚ್ಚು, ವಾಪಸ್ ಹತ್ತುವಾಗ ವಯಸ್ಸಾದವರ ಮೊಳಕಾಲು ಹಿಡಿಯುತ್ತದೆ. ಡೋಲಿಯವರು ಇದ್ದರು; ದರ ಕೆಳಗಿಳಿಯುವ ಮೊದಲೇ ಮಾತಾಡಿಕೊಳ್ಳಿ.