ಹಳೆಯ ಜನಗಣತಿಯಲ್ಲಿ ಊರು ಹುಡುಕುವ ಕೆಲಸ

ಹಳೆಯ ಜನಗಣತಿ ಹಾಳೆಗಳನ್ನು ಓದಿ ಇಂಡೆಕ್ಸ್ ಮಾಡುವುದು ನನ್ನ ಕೆಲಸ. ಆಮೇಲೆ, ತಮ್ಮ ಮನೆತನದ ಮೂಲ ಹುಡುಕುವವರಿಗೆ ಆ ಇಂಡೆಕ್ಸಿನಲ್ಲಿ ದಾರಿ ತೋರಿಸುವುದೂ ನನ್ನ ಪಾಲಿಗೇ ಬರುತ್ತದೆ. ಹೆಚ್ಚಾಗಿ ಬ್ರಿಟನ್, ಐರ್ಲೆಂಡ್, ಅಮೆರಿಕದ ಗಣತಿಗಳು. ಬರುವವರಿಗೆಲ್ಲ ಚಿಂತೆ ಇರುವುದು ವ್ಯಕ್ತಿಯ ಹೆಸರಿನದು. ಸ್ಪೆಲಿಂಗ್ ಹೇಗಿತ್ತೋ, ಅಡ್ಡಹೆಸರು ಬದಲಾಗಿತ್ತೋ ಅಂತ. ಆದರೆ ನಾನು ನೋಡಿದ ಹಾಗೆ ಹುಡುಕಾಟ ಸಿಕ್ಕಿಹಾಕಿಕೊಳ್ಳುವುದು ಊರಿನ ಹೆಸರಿನಲ್ಲೇ ಜಾಸ್ತಿ.

ಹುಟ್ಟಿದ ಊರಿನ ಅಂಕಣದಲ್ಲಿ ಇರುವುದು ಒಂದು ಉತ್ತರ. ಯಾರೋ ಕೇಳಿದರು, ಯಾರೋ ಹೇಳಿದರು, ಇನ್ಯಾರೋ ಬರೆದುಕೊಂಡರು. ಈ ಮೂವರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಆ ಅಂಕಣ ಓದಬೇಕು.

ಮೊದಲು ಕೇಳಿದ ಪ್ರಶ್ನೆ ಏನು ಅಂತ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1841ರ ಗಣತಿಯಲ್ಲಿ ಊರನ್ನು ಕೇಳಲೇ ಇಲ್ಲ. ಈಗ ಇರುವ ಕೌಂಟಿಯಲ್ಲೇ (ನಮ್ಮ ಜಿಲ್ಲೆಯ ಹಾಗೆ) ಹುಟ್ಟಿದ್ದಾ, ಹೌದೋ ಅಲ್ಲವೋ, ಅಷ್ಟೇ. ಸ್ಕಾಟ್ಲೆಂಡ್, ಐರ್ಲೆಂಡ್ ಅಥವಾ ಹೊರದೇಶದಲ್ಲಿ ಹುಟ್ಟಿದವರಿಗೆ ಒಂದೊಂದು ಅಕ್ಷರ ಹಾಕಿದರು. ಕೌಂಟಿ ಮತ್ತು ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ, ಕೇಳಲು ಶುರುವಾಗಿದ್ದು 1851ರಿಂದ. ಐರ್ಲೆಂಡಿನಲ್ಲಿ ಪೂರ್ತಿಯಾಗಿ ಉಳಿದಿರುವ 1901 ಮತ್ತು 1911ರ ಗಣತಿಗಳಲ್ಲಿ, ಅಲ್ಲೇ ಹುಟ್ಟಿದವರಿಗೆ ಕೌಂಟಿ ಅಥವಾ ದೊಡ್ಡ ನಗರ ಬರೆದರೆ ಸಾಕಿತ್ತು. ಅಮೆರಿಕದಲ್ಲಿ ರಾಜ್ಯ, ಹೊರಗಿನವರಾದರೆ ದೇಶ. ಇಂಥ ಕಡೆ ಹಳ್ಳಿಯ ಹೆಸರು ಸಿಗಲಿಲ್ಲ ಅಂತ ಪೇಚಾಡಿ ಪ್ರಯೋಜನ ಇಲ್ಲ. ಅದು ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲೋ ಜನನ ನೋಂದಣಿಯಲ್ಲೋ ಸಿಗಬೇಕು.

ಇನ್ನು ಹೇಳಿದವರು. ನನಗೆ ಈ ಕೆಲಸ ಕಲಿಸಿದ ದೊಡ್ಡ ಪಾಠ ಇಲ್ಲೇ ಇದೆ. ಒಬ್ಬನೇ ಮನುಷ್ಯ ಹತ್ತು ವರ್ಷಕ್ಕೊಮ್ಮೆ ಬೇರೆ ಬೇರೆ ಊರು ಹೇಳಿದರೆ, ಜನ ತಕ್ಷಣ ಇವನು ಬೇರೆಯವನು ಅಂತ ತಳ್ಳಿಬಿಡುತ್ತಾರೆ. ನಿಧಾನ ಮಾಡಿ. ಅವನು ಎಲ್ಲಿ ನಿಂತು ಉತ್ತರ ಕೊಡುತ್ತಿದ್ದ ಅಂತ ನೋಡಿ. ಹತ್ತಿರ ಇದ್ದರೆ ಹಳ್ಳಿ, ದೂರ ಹೋದರೆ ಪೇಟೆ, ಸಮುದ್ರ ದಾಟಿದರೆ ದೇಶ. ಪಕ್ಕದ ಊರಿನವನಿಗೆ ಹಳ್ಳಿಯ ಹೆಸರು ಹೇಳಿದರೆ ಗೊತ್ತಾಗುತ್ತದೆ. ಲಂಡನ್ನಿನಲ್ಲಿ ಮನೆ ಬಾಗಿಲಿಗೆ ಬಂದ ಗಣತಿದಾರನಿಗೆ ಆ ಹಳ್ಳಿ ಎಲ್ಲಿ ಗೊತ್ತು? ಅಲ್ಲಿ ಹತ್ತಿರದ ಪೇಟೆಯ ಹೆಸರೇ ಬಾಯಿಗೆ ಬರುತ್ತದೆ. ಹಾಗಾಗಿ ನಾಲ್ಕು ಗಣತಿಯಲ್ಲಿ ನಾಲ್ಕು ಊರು ಸಿಕ್ಕರೆ, ನಾಲ್ಕನ್ನೂ ಹಳೆಯ ನಕ್ಷೆಯಲ್ಲಿ ಗುರುತು ಮಾಡಿ. ನಾಲ್ಕೂ ಒಂದೇ ಪೇಟೆಯ ಸುತ್ತಮುತ್ತ ಬಿದ್ದರೆ ಹೆಚ್ಚಾಗಿ ಅವನೇ ಇವನು. ವಯಸ್ಸು, ಕಸುಬು, ಹೆಂಡತಿ ಮಕ್ಕಳ ಹೆಸರು ಹೊಂದಿದರೆ ಅನುಮಾನವೇ ಬೇಡ.

ಉತ್ತರ ಕೊಟ್ಟವರು ಯಾವಾಗಲೂ ಅವರೇ ಆಗಿರುವುದಿಲ್ಲ, ಅದೂ ನೆನಪಿರಲಿ. ಮಗು ಅಪ್ಪ ಅಮ್ಮನ ಮನೆಯಲ್ಲಿದ್ದಾಗ ಬರೆಸಿದ ಊರನ್ನು ನಾನು ಹೆಚ್ಚು ನಂಬುತ್ತೇನೆ. ಹೆತ್ತವಳಿಗೆ ಎಲ್ಲಿ ಹೆತ್ತೆ ಅಂತ ಗೊತ್ತಿರುತ್ತದೆ, ಅಲ್ವಾ? ಅದೇ ಹುಡುಗಿ ಮುಂದೆ ಇನ್ನೊಬ್ಬರ ಮನೆಯಲ್ಲಿ ಕೆಲಸಕ್ಕಿದ್ದಾಗ ಉತ್ತರ ಕೊಡುವವರು ಆ ಮನೆಯ ಯಜಮಾನರು. ಅಲ್ಲಿ ಬರೀ ಕೌಂಟಿ ಇರುತ್ತದೆ, ಇಲ್ಲವೇ ಗೊತ್ತಿಲ್ಲ ಅಂತ ಇರುತ್ತದೆ.

ಮೂರನೆಯವನು ಬರೆದುಕೊಂಡವನು. ಇಂಗ್ಲೆಂಡಿನಲ್ಲಿ 1841ರಿಂದ 1901ರವರೆಗೆ ನಮಗೆ ಸಿಗುವುದು ಮನೆಯವರು ತುಂಬಿದ ಹಾಳೆ ಅಲ್ಲ, ಗಣತಿದಾರ ಅದನ್ನು ನೋಡಿ ನಕಲು ಮಾಡಿದ ಪುಸ್ತಕ. ಅದರ ಮೇಲೆ ಆಮೇಲೆ ಕಚೇರಿಯ ಗುಮಾಸ್ತರು ಲೆಕ್ಕಕ್ಕಾಗಿ ಎಳೆದ ಗೀರುಗಳು ಬೇರೆ. ಮನೆಯವರ ಕೈಬರಹವೇ ನೋಡಬೇಕೆಂದರೆ 1911ಕ್ಕೆ ಹೋಗಬೇಕು, ಆ ಹಾಳೆಗಳು ಉಳಿದಿವೆ. ಹಿಂದಿನ ಗಣತಿಯಲ್ಲಿ ಓದಲಾಗದ ಊರಿನ ಹೆಸರು ಎಷ್ಟೋ ಸಲ 1911ರಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಆದ್ದರಿಂದ ಆ ವ್ಯಕ್ತಿ ಅಲ್ಲಿಯವರೆಗೆ ಬದುಕಿದ್ದರೆ ನಾನು ಅಲ್ಲಿಂದಲೇ ಹಿಂದಕ್ಕೆ ಬರುತ್ತೇನೆ. ಗಣತಿದಾರರಿಗೆ ಮೊಟಕು ಮಾಡಿ ಬರೆಯುವ ಅಭ್ಯಾಸವೂ ಇತ್ತು. ಶ್ರಾಪ್‌ಶೈರ್‌ಗೆ ಸ್ಯಾಲಪ್, ಹ್ಯಾಂಪ್‌ಶೈರ್‌ಗೆ ಹ್ಯಾಂಟ್ಸ್. ಇವು ಗೊತ್ತಿಲ್ಲದಿದ್ದರೆ ಇಲ್ಲದ ಊರುಗಳನ್ನು ಹುಡುಕುತ್ತಾ ಕೂರುತ್ತೇವೆ.

ಇಷ್ಟರ ಮೇಲೆ ಗಡಿಗಳು. ಅಮೆರಿಕದ ವೆಸ್ಟ್ ವರ್ಜೀನಿಯಾ, ವರ್ಜೀನಿಯಾದಿಂದ ಒಡೆದು ಬೇರೆ ರಾಜ್ಯವಾಗಿದ್ದು 1863ರಲ್ಲಿ. ಈಗ ಅದರಲ್ಲಿರುವ ವೀಲಿಂಗ್ ಊರಿನಲ್ಲಿ 1850ರಲ್ಲಿ ಹುಟ್ಟಿದವಳು 1860ರ ಗಣತಿಯಲ್ಲಿ ವರ್ಜೀನಿಯಾದವಳು, ಮುಂದಿನವುಗಳಲ್ಲಿ ಎರಡರಲ್ಲಿ ಯಾವುದೂ ಆಗಬಹುದು. ಅವಳು ಎಲ್ಲೂ ಹೋಗಿಲ್ಲ, ಗಡಿ ಬಂದು ಹೋಯಿತು. 1870ರ ಅಮೆರಿಕದ ಗಣತಿದಾರರಿಗೆ ಜರ್ಮನಿ ಅಂತ ಬರೆಯಬೇಡಿ, ಪ್ರಶಿಯಾ, ಬವೇರಿಯಾ, ಬಾಡೆನ್ ಅಂತ ಒಂದೊಂದು ಜರ್ಮನ್ ರಾಜ್ಯದ ಹೆಸರು ಬಿಡಿಸಿ ಬರೆಯಿರಿ ಎಂದು ಸೂಚನೆ ಇತ್ತು. ಹಾಗಾಗಿ 1870ರಲ್ಲಿ ಬವೇರಿಯಾದವನು 1900ರಲ್ಲಿ ಜರ್ಮನಿಯವನು. ಐರ್ಲೆಂಡಿನ ಕಿಂಗ್ಸ್ ಕೌಂಟಿ ಈಗ ಆಫಲಿ, ಕ್ವೀನ್ಸ್ ಕೌಂಟಿ ಈಗ ಲೀಶ್. ಗಣತಿಯಲ್ಲಿ ಹಳೆಯ ಹೆಸರೇ ಇರುತ್ತದೆ.

ಒಂದು ಮನೆಯ ಸಾಲುಗಳನ್ನು ಹತ್ತಿರದಿಂದ ನೋಡಿದರೆ ಇದೆಲ್ಲ ಅರ್ಥವಾಗುತ್ತದೆ. ಮಿಡಲ್ಸ್‌ಬ್ರೋ ಪಟ್ಟಣದ 1881ರ ಒಂದು ಹಾಳೆ. 1801ರಲ್ಲಿ ಅಲ್ಲಿ ಇದ್ದದ್ದು ಬರೀ 25 ಜನ, ಕಬ್ಬಿಣ ಬಂದ ಮೇಲೆ ಪಟ್ಟಣ ಬೆಳೆಯಿತು. ಅಪ್ಪ ಕಬ್ಬಿಣದ ಕುಲುಮೆಯ ಕೆಲಸಗಾರ, ಹುಟ್ಟಿದ್ದು ಸ್ಟ್ಯಾಫರ್ಡ್‌ಶೈರ್‌ನ ಡಡ್ಲಿ. ದೊಡ್ಡ ಮಗಳು ಹುಟ್ಟಿದ್ದೂ ಡಡ್ಲಿ. ನಡುವಿನ ಇಬ್ಬರು ವೇಲ್ಸ್‌ನ ಮರ್ಥರ್ ಟಿಡ್ವಿಲ್. ಚಿಕ್ಕವನು ಮಿಡಲ್ಸ್‌ಬ್ರೋ. ಮಕ್ಕಳ ವಯಸ್ಸಿನ ಪಕ್ಕ ಊರಿಟ್ಟು ಓದಿದರೆ ಆ ಸಂಸಾರ ಯಾವಾಗ ಯಾವ ಕುಲುಮೆಯ ಹಿಂದೆ ಹೋಯಿತು ಅಂತ ಗೊತ್ತಾಗಿಬಿಡುತ್ತದೆ. 1871ರ ಗಣತಿಯಲ್ಲಿ ಅವರನ್ನು ಮೊದಲು ಎಲ್ಲಿ ಹುಡುಕಬೇಕು ಅನ್ನುವುದನ್ನೂ ಆ ಇಬ್ಬರು ನಡುವಿನ ಮಕ್ಕಳೇ ಹೇಳುತ್ತಾರೆ. ಮರ್ಥರ್‌ನ ಹಾಳೆಯಲ್ಲಿ ಅದೇ ಅಪ್ಪ ವೂಸ್ಟರ್‌ಶೈರ್‌ನ ಡಡ್ಲಿಯವನು. ಇದೇ ಸರಿ, ಆದರೆ ಮಿಡಲ್ಸ್‌ಬ್ರೋ ಹಾಳೆಯ ತಪ್ಪಿಗೂ ಕಾರಣ ಇದೆ. ಡಡ್ಲಿ ಆಗ ವೂಸ್ಟರ್‌ಶೈರ್‌ಗೆ ಸೇರಿದ್ದರೂ ಸುತ್ತ ಸ್ಟ್ಯಾಫರ್ಡ್‌ಶೈರ್ ನೆಲವೇ ಇತ್ತು, ದ್ವೀಪದ ಹಾಗೆ. ಕೌಂಟಿಯನ್ನು ಬಿಗಿಯಾಗಿ ಹಿಡಿದು ಹುಡುಕಿದವರಿಗೆ ಈ ಅಪ್ಪ ಸಿಗುತ್ತಲೇ ಇರಲಿಲ್ಲ.

ದಾಖಲು ಮಾಡುವಾಗ ನಾನು ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯುತ್ತೇನೆ. ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೇ ಒಂದು ಅಂಕಣಕ್ಕೆ. ತಪ್ಪು ಸ್ಪೆಲಿಂಗ್, ತಪ್ಪು ಕೌಂಟಿ, ಏನಿದ್ದರೂ ಮುಟ್ಟುವ ಹಾಗಿಲ್ಲ. ಇದು ಯಾವ ಊರು ಅನ್ನುವ ನಮ್ಮ ತೀರ್ಮಾನ ಪಕ್ಕದ ಬೇರೆ ಅಂಕಣಕ್ಕೆ, ಚಿಕ್ಕದರಿಂದ ದೊಡ್ಡದಕ್ಕೆ: ಹಳ್ಳಿ, ಪ್ಯಾರಿಷ್, ಕೌಂಟಿ, ದೇಶ. ಅದರ ಜೊತೆ ಗಣತಿಯ ವರ್ಷ. ತೀರ್ಮಾನ ನಾಳೆ ಬದಲಾದರೂ ಮೂಲ ಉಳಿದಿರುತ್ತದೆ. ಸಾಫ್ಟ್‌ವೇರ್ ತಾನಾಗಿ ತೋರಿಸುವ ಊರನ್ನು ಸುಮ್ನೆ ಒತ್ತಬೇಡಿ. ನ್ಯೂಪೋರ್ಟ್ ಅಂತ ಬರೆದು ನೋಡಿ. ಐಲ್ ಆಫ್ ವೈಟ್‌ನಲ್ಲಿ ಒಂದಿದೆ, ಶ್ರಾಪ್‌ಶೈರ್‌ನಲ್ಲಿ ಒಂದು, ಎಸೆಕ್ಸ್‌ನಲ್ಲಿ ಒಂದು, ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಒಂದು. ಮನ್ಮತ್‌ಶೈರ್‌ನ ನ್ಯೂಪೋರ್ಟ್ ಅಂತೂ ಹಳೆಯ ದಾಖಲೆಗಳಲ್ಲಿ ಒಮ್ಮೆ ಇಂಗ್ಲೆಂಡಿನ ಜೊತೆ ಬರುತ್ತದೆ, ಒಮ್ಮೆ ವೇಲ್ಸ್ ಜೊತೆ. ಹಾಳೆಯಲ್ಲಿ ಬರೀ ನ್ಯೂಪೋರ್ಟ್ ಅಂತಿದ್ದರೆ ಮೂಲದ ಅಂಕಣದಲ್ಲಿ ಅಷ್ಟೇ ಇರಲಿ.

ಹುಡುಕುವಾಗ ಇದರ ಉಲ್ಟಾ ಮಾಡಬೇಕು. ಹೆಸರು, ಹುಟ್ಟಿದ ವರ್ಷ ಹಾಕಿ, ಊರಿನ ಜಾಗ ಖಾಲಿ ಬಿಡಿ. ವರ್ಷವನ್ನೂ ಎರಡು ಮೂರು ವರ್ಷ ಆಚೀಚೆ ಬಿಡಿ. ಫಲಿತಾಂಶ ತುಂಬಾ ಬಂದರೆ ಮಾತ್ರ ಕೌಂಟಿ ಹಾಕಿ, ಆಮೇಲೆ ಪಕ್ಕದ ಕೌಂಟಿ. ಊರಿನ ಹೆಸರು ಹಾಕಲೇಬೇಕಾದರೆ ಮೊದಲ ಮೂರು ಅಕ್ಷರ ಬರೆದು ಮುಂದೆ ನಕ್ಷತ್ರ ಚಿಹ್ನೆ ಇಡಿ, ಬಾಲದ ಸ್ಪೆಲಿಂಗ್ ಏನೇ ಇರಲಿ ಬಲೆಗೆ ಬೀಳುತ್ತದೆ. ಮೊದಲ ಅಕ್ಷರವೇ ಅನುಮಾನ ಅನಿಸಿದರೆ ಊರಿನ ಕಡೆಯಿಂದ ಬನ್ನಿ. ಆ ಪ್ಯಾರಿಷ್‌ನ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ಓದಿ. ಬೇಸರದ ಕೆಲಸ ನಿಜ, ಆದರೆ ಚಿಕ್ಕ ಹಳ್ಳಿಯಾದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಇಂಡೆಕ್ಸಿನಲ್ಲಿ ಬೇರೆ ಹೆಸರಿನಲ್ಲಿ ಕೂತಿರುವ ಅಜ್ಜ ಅಲ್ಲಿ ಅಣ್ಣನ ಮನೆಯ ಪಕ್ಕದ ಮನೆಯಲ್ಲಿ ಸಿಗುವುದೂ ಉಂಟು.