ಮೊಣಕಾಲ ಕೆಳಗಿನ ದಿಂಬು

ಪುಣೆಯಲ್ಲಿ ಕೃತಕ ಕಾಲು ಮಾಡೋ ವರ್ಕ್‌ಶಾಪ್ ಸೇರಿ ಹದಿನೇಳು ವರ್ಷ ಆಯ್ತು. ಹೋದ ವಾರ ಗೋಕಾಕ ಕಡೆಯ ಒಬ್ರು ರಿಟೈರ್ಡ್ ಹವಾಲ್ದಾರ್ ಹೊಸ ಕಾಲಿಗೆ ಅಳತೆ ಕೊಡೋಕೆ ಬಂದಿದ್ರು, ನಾನು ಸ್ಟಂಪಿನ ಮೇಲೆ, ಅಂದ್ರೆ ಕತ್ತರಿಸಿದ ಮೇಲೆ ಉಳಿದ ಕಾಲಿನ ಮೇಲೆ, ಎಲುಬಿನ ಏಣು ಎಲ್ಲಿ ಬರುತ್ತೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕ್ತಿದ್ದೆ. ಪಕ್ಕದಲ್ಲಿ ನಮ್ಮ ಟ್ರೇನಿ, ಕಲಬುರ್ಗಿ ಹುಡುಗ, ಯಾರದ್ದೋ ಪ್ಲಾಸ್ಟರ್ ಅಚ್ಚು ಉಜ್ಜುತ್ತಾ ಮೊಬೈಲ್‌ನಲ್ಲಿ ಯುದ್ಧದ ನ್ಯೂಸ್ ಕೇಳ್ತಿದ್ದ. "ಅಣ್ಣಾ, ಯುದ್ಧ ನಿಸರ್ಗದಾಗೇ ಅದರಿ, ಚಿಂಪಾಂಜಿಗೋಳೂ ಮಾಡ್ತಾವ" ಅಂದ.

ಚಿಂಪಾಂಜಿ ವಿಷಯ ಸುಳ್ಳಲ್ಲ. ಟಾಂಜಾನಿಯಾದ ಗೊಂಬೆ ಅನ್ನೋ ಕಾಡಲ್ಲಿ ಜೇನ್ ಗುಡಾಲ್ ಅನ್ನೋ ವಿಜ್ಞಾನಿ ವರ್ಷಗಟ್ಟಲೆ ಗಮನಿಸ್ತಾ ಬಂದಿದ್ದ ಚಿಂಪಾಂಜಿ ಗುಂಪು ಎರಡಾಗಿ ಒಡೆದು, 1974ರಿಂದ 1978ರ ತನಕ ದೊಡ್ಡ ಗುಂಪಿನ ಗಂಡುಗಳು ಚಿಕ್ಕ ಗುಂಪಿನ ಗಂಡುಗಳನ್ನ ಒಂದೊಂದಾಗಿ ಹಿಡಿದು ಹೊಡೆದು ಮುಗಿಸಿದ್ವು, ಮೊದಲು ಒಟ್ಟಿಗೇ ಬೆಳೆದಿದ್ದವು ಅವು. ಆದ್ರೆ ಕಾಂಗೋ ನದಿ ದಕ್ಷಿಣಕ್ಕಿರೋ, ಚಿಂಪಾಂಜಿ ಥರದ್ದೇ ಇನ್ನೊಂದು ವಾನರ ಜಾತಿಯಾದ ಬೊನೊಬೊಗಳೂ ನಮಗೆ ಅಷ್ಟೇ ಹತ್ತಿರದ ದಾಯಾದಿಗಳು, ಅವುಗಳ ಎರಡು ಗುಂಪು ಎದುರಾದ್ರೆ ಎಷ್ಟೋ ಸಲ ಒಟ್ಟಿಗೆ ಕೂತು ತಿಂತಾವೆ.

ನಾನು ಅವನಿಗೆ ಹೇಳಿದ್ದು ಕಾಡಿನ ಕಥೆ ಅಲ್ಲ, ದಿಂಬಿನ ಕಥೆ. ಮೊಣಕಾಲ ಕೆಳಗೆ ಕಾಲು ತೆಗೆದ ಮೇಲೆ ಪೇಷಂಟ್ ತಾನಾಗೇ ಮೊಣಕಾಲ ಅಡಿಗೆ ದಿಂಬು ಇಟ್ಕೊಂಡು ಮಲಗ್ತಾರೆ, ಯಾರೂ ಹೇಳ್ಕೊಡಬೇಕಿಲ್ಲ, ಮೈಯೇ ಕೇಳುತ್ತೆ. ಹಾಗೇ ಬಿಟ್ರೆ ಕೀಲು ಬಾಗಿದಲ್ಲೇ ಬಿಗೀತದೆ. ನನ್ನ ಮೊದಲನೇ ವರ್ಷ ಶುಗರ್‌ನಿಂದ ಕಾಲು ಹೋದ ಒಬ್ಬ ಅಜ್ಜಿ ದಿಂಬು ಇಟ್ಕೊಂಡಿದ್ದನ್ನ ನೋಡಿ, ಪಾಪ ಆರಾಮ ಅನಿಸಿದ್ರೆ ಇರಲಿ ಅಂತ ಸುಮ್ಮನಾದೆ. ಅಚ್ಚು ತೆಗೆಯೋ ದಿನ ಮೊಣಕಾಲು ಚಾಚಲೇ ಇಲ್ಲ, ತಿಂಗಳುಗಟ್ಟಲೆ ಫಿಸಿಯೋ ಮಾಡಿಸ್ಬೇಕಾಯ್ತು, ಅವರು ಅಳ್ತಾ ಕಾಲು ಚಾಚೋದು ಈಗಲೂ ಕಣ್ಣಿಗೆ ಕಟ್ಟಿದಂಗಿದೆ. ಮೈ ತಾನಾಗೇ ಮಾಡೋದೆಲ್ಲ ಸರಿ ಅಂತ ಆವತ್ತಿಂದ ನಾನು ಯಾವತ್ತೂ ಅಂದಿಲ್ಲ. ಗ್ಯಾಂಗ್ರೀನ್ ಕೂಡ ನಿಸರ್ಗದ್ದೇ ಅಲ್ವಾ.

ಹವಾಲ್ದಾರರು ಎಲ್ಲಾ ಕೇಳ್ತಾ ಕೂತಿದ್ರು. ಪಾರ್ಲಿಮೆಂಟ್ ದಾಳಿ ಆದ್ಮೇಲೆ ಗಡಿಗೆ ಸೈನ್ಯ ಹೋಗಿತ್ತಲ್ಲ, 2002ರಲ್ಲಿ ಅಲ್ಲಿ ನೆಲದಲ್ಲಿ ಹುಗಿದಿಡೋ ಸ್ಫೋಟಕ, ಮೈನ್, ತೆಗೆಯುವಾಗ ಕಾಲು ಹೋಗಿದ್ದು ಅವರದ್ದು. ಅವರು ಹುಡುಗನ ಕಡೆ ತಿರುಗಿ, "ತಮ್ಮಾ, ನಂದು ನಮ್ಮವ್ರೇ ಹುಗದಿದ್ದ ಮೈನು. ಲೆಕ್ಕ ಬರದು, ನಕಾಶಿ ತಗದು ಹುಗದಿದ್ವಿ. ಹುಗಿಯೂ ಮುಂದ ನಮಗ್ಯಾರಿಗೂ ಸಿಟ್ಟ ಇರ್ಲಿಲ್ಲ, ಚಳಿ ಇತ್ತು ಅಷ್ಟ" ಅಂದ್ರು.

ನನ್ನ ತಲೆಯಲ್ಲಿ ಉಳಿದಿದ್ದು ಇದೇ. ಸಿಟ್ಟು ಬಂದು ಕೈ ಎತ್ತೋದು ನಿಸರ್ಗ ಇರಬಹುದು, ಮೈನ್‌ಗೆ ಸಿಟ್ಟೆಲ್ಲಿದೆ? ಅದಕ್ಕೆ ಡ್ರಾಯಿಂಗ್ ಬೇಕು, ಫ್ಯಾಕ್ಟರಿ ಬೇಕು, ಬಜೆಟ್ ಬೇಕು, ಸಹಿ ಬೇಕು. ಮನುಷ್ಯರ ಮೇಲೆ ಹಾಕೋ ಮೈನ್ ಬೇಡ ಅಂತ 1997ರಲ್ಲಿ ಒಪ್ಪಂದ ಆಯ್ತು, ನೂರೈವತ್ತಕ್ಕೂ ಹೆಚ್ಚು ದೇಶ ಸೇರಿದ್ವು, ನಮ್ಮ ದೇಶ ಸೇರಿಲ್ಲ, 2025ರಲ್ಲಿ ಲಿಥುವೇನಿಯಾ ಲಾಟ್ವಿಯಾದಂಥವು ರಷ್ಯಾ ಭಯಕ್ಕೆ ಹೊರಗೆ ಬರೋ ತೀರ್ಮಾನ ಮಾಡಿದ್ವು. ಒಳಗೆ ಹೋಗಿದ್ದೂ ಹೊರಗೆ ಬಂದಿದ್ದೂ ಜನ ಕೂತು ಮಾಡಿದ ತೀರ್ಮಾನವೇ. ದೇಶ ಕಾಯೋಕೆ ಹೋರಾಡಲೇಬೇಕು ಅಂತಿದ್ರೆ ಕಾರಣ ಹೇಳಿ, ನಾನು ಕೂತು ಕೇಳ್ತೀನಿ, ಆ ಹವಾಲ್ದಾರರ ಸೇವೆಗೆ ಕೈ ಮುಗಿತೀನಿ. ನಿಸರ್ಗ ಅಂದ್ಬಿಟ್ರೆ ಮಾತ್ರ ಸಹಿ ಹಾಕಿದವರನ್ನ ಯಾರೂ ಏನೂ ಕೇಳೋ ಹಾಗೇ ಇಲ್ಲ.

ಪ್ಲಾಸ್ಟರ್ ಬ್ಯಾಂಡೇಜ್ ನೆನೆಸಿ ಸುತ್ತೋಕೆ ಶುರು ಮಾಡಿದೆ. ಹುಡುಗ ಕೈ ತೊಳ್ಕೊಂಡು ಬಂದು, ಮೊಣಚಿಪ್ಪಿನ ಕೆಳಗೆ ಎರಡೂ ಹೆಬ್ಬೆರಳು ಒತ್ತಿ ಹಿಡಿದ, ಭಾರ ಕೂರೋದು ಅಲ್ಲೇ. ಪ್ಲಾಸ್ಟರ್ ಬೆಚ್ಚಗಾಗ್ತಾ ಗಟ್ಟಿಯಾಗೋ ತನಕ ಬಿಡಲಿಲ್ಲ. "ನೋವಾಗ್ತದೇನ್ರಿ ಕಾಕಾ?" ಅಂತ ಎರಡು ಸಲ ಕೇಳಿದ.