ಭಾನುವಾರದ ಕಾಣಿಕೆ, ವಾರವಿಡೀ ಖರ್ಚು

ನಾನು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೆಕ್ಕಪತ್ರ ನೋಡಿ ಹೊಟ್ಟೆ ಹೊರೆಯುವವನು. ದೇವರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಈ ಊರಿನ ಕಪ್ಪುವರ್ಣೀಯರ ಚರ್ಚುಗಳ ಜಮಾ-ಖರ್ಚಿನ ಬಗ್ಗೆ ಕೇಳಿದರೆ ಮಾತ್ರ ರಾತ್ರಿಯಿಡೀ ಮಾತಾಡಬಲ್ಲೆ.

1793ರಲ್ಲಿ ಇಲ್ಲಿ ಹಳದಿ ಜ್ವರ ಹಬ್ಬಿತು. ಉಳ್ಳವರು ಊರು ಬಿಟ್ಟರು. ರೋಗಿಗಳ ಆರೈಕೆಗೂ ಹೆಣ ಸಾಗಿಸುವುದಕ್ಕೂ ನಿಂತವರಲ್ಲಿ ಕಪ್ಪುವರ್ಣೀಯ ಧರ್ಮಬೋಧಕರಾದ ರಿಚರ್ಡ್ ಅಲೆನ್, ಅಬ್ಸಲೋಮ್ ಜೋನ್ಸ್ ಮತ್ತು ಅವರ ಜೊತೆಗಾರರು ಮುಂದಿದ್ದರು. ಜ್ವರ ಇಳಿದದ್ದೇ ತಡ, ಕಪ್ಪುವರ್ಣೀಯರು ರೋಗಿಗಳನ್ನು ಸುಲಿದರೆಂಬ ಆರೋಪ ಅಚ್ಚಾಗಿ ಬಂತು. ಮರುವರ್ಷ ಇವರಿಬ್ಬರೂ ಕಿರುಹೊತ್ತಿಗೆ ಹೊರತಂದು ಉತ್ತರ ಕೊಟ್ಟರು. ಆ ಹೊತ್ತಿಗೆಯಲ್ಲಿ ತಮ್ಮ ಕೈಗೆ ಬಂದ ಹಣ, ಶವಪೆಟ್ಟಿಗೆಯ ಖರ್ಚು, ಆಳುಗಳ ಕೂಲಿ ಎಲ್ಲವೂ ಇದ್ದವು. ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಅದೇ 1794ರಲ್ಲಿ ಅಲೆನ್ ಮದರ್ ಬೆಥೆಲ್ ಚರ್ಚನ್ನು ಆರಂಭಿಸಿದರು. ಸುತ್ತಲಿದ್ದ ಕಪ್ಪುವರ್ಣೀಯರ ಕೇರಿ ಕಾಲಕ್ರಮೇಣ ಕರಗಿತು. ಚರ್ಚ್ ಅಲ್ಲೇ ಇದೆ, ಏಕೆಂದರೆ ನೆಲ ಸಭೆಯ, ಅಂದರೆ ಚರ್ಚಿನ ಸದಸ್ಯರ, ಸ್ವಂತದ್ದು.

ನನಗೆ ಇನ್ನೂ ಹಿಡಿಸುವುದು ಉತ್ತರ ಫಿಲಡೆಲ್ಫಿಯಾದ ಜಯನ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಲಿಯಾನ್ ಸಲಿವನ್ ಅವರ ಲೆಕ್ಕ. 1962ರಲ್ಲಿ ಅವರು ವೇದಿಕೆಯಿಂದಲೇ ಕೇಳಿದರು: ತಿಂಗಳಿಗೆ 10 ಡಾಲರ್, 36 ತಿಂಗಳು, 50 ಜನ ಬೇಕು. 200ಕ್ಕೂ ಹೆಚ್ಚು ಜನ ಮುಂದೆ ಬಂದರು. ನಮ್ಮ ಕಡೆಯ ಚೀಟಿಯಂತೆ ಕಾಣುತ್ತದೆ, ಆದರೆ ಇಲ್ಲಿ ಹರಾಜು ಕೂಗಿ ಎತ್ತಿಕೊಂಡು ಹೋಗುವಂತಿಲ್ಲ. ಮೊದಲ 16 ತಿಂಗಳ ಹಣ ಸೇವಾ ಟ್ರಸ್ಟಿಗೆ, ಉಳಿದ 20 ತಿಂಗಳದ್ದು ಲಾಭದ ಕಂಪನಿಗೆ. ದಾನವನ್ನೂ ಬಂಡವಾಳವನ್ನೂ ಒಂದೇ ಡಬ್ಬಿಗೆ ಸುರಿಯದೆ ಹೀಗೆ ಬೇರ್ಪಡಿಸಿದ ಪಾದ್ರಿಯನ್ನು ಯಾವ ಆಡಿಟರ್ ತಾನೇ ಮೆಚ್ಚುವುದಿಲ್ಲ? ಆ ಕಂಪನಿ ಕಟ್ಟಿದ ಪ್ರೋಗ್ರೆಸ್ ಪ್ಲಾಜಾ ಎಂಬ ಮಳಿಗೆ ಸಂಕೀರ್ಣ 1968ರಲ್ಲಿ ಬ್ರಾಡ್ ಸ್ಟ್ರೀಟಿನಲ್ಲಿ ತೆರೆಯಿತು. ಮುಂದೆ ಅಲ್ಲಿನ ಸೂಪರ್ ಮಾರ್ಕೆಟ್ ಮುಚ್ಚಿ, ವರ್ಷಗಟ್ಟಲೆ ತರಕಾರಿಗೂ ಜನ ದೂರ ಹೋಗಬೇಕಾಯಿತು. 2009ರಲ್ಲಿ ಹೊಸದು ಬಂತು. ಜಾಗ ತಮ್ಮದಾಗಿದ್ದರಿಂದಲೇ ಅಷ್ಟು ಕಾಯಲು ಸಾಧ್ಯವಾಯಿತು ಎಂದು ನನ್ನ ಅನಿಸಿಕೆ.

ಈಗಿನ ತೊಡಕು ಬೇರೆ. ಮನೆ ಬಾಡಿಗೆ, ತೆರಿಗೆ ಏರಿ ಸದಸ್ಯರು ಉಪನಗರಗಳಿಗೆ ಹೋಗಿದ್ದಾರೆ. ಭಾನುವಾರ ಕಾರಿನಲ್ಲಿ ಬಂದು ಮಧ್ಯಾಹ್ನ ಮರಳುತ್ತಾರೆ. ಕಾಣಿಕೆ ಒಂದು ದಿನದ್ದು. ಹೀಟರ್, ವಿಮೆ, ಸೋರುವ ಚಾವಣಿ ಮಾತ್ರ ಏಳೂ ದಿನದ್ದು. ಕಪ್ಪುವರ್ಣೀಯರ ಹಳೆಯ ಚರ್ಚುಗಳ ದುರಸ್ತಿಗೆಂದು 2022ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಸಂರಕ್ಷಣಾ ಟ್ರಸ್ಟ್ 2 ಕೋಟಿ ಡಾಲರಿನ ಯೋಜನೆ ಆರಂಭಿಸಿತು. ಒಳ್ಳೆಯದೇ. ಆದರೆ ಚಾವಣಿ ಭದ್ರವಾಗಿ, ಒಳಗೆ ವಾರದ ದಿನ ಯಾರೂ ಇಲ್ಲದಿದ್ದರೆ ಅದು ವಸ್ತುಸಂಗ್ರಹಾಲಯವಷ್ಟೆ.

ಹಾಗಾಗಿ ಯಾವುದಾದರೂ ಸಭೆಯವರು ಸಲಹೆ ಕೇಳಿದರೆ ನಾನು ಮೊದಲು ನೋಡುವುದು ಕಾಣಿಕೆಯ ಮೊತ್ತವನ್ನಲ್ಲ, ನೆಲಮಾಳಿಗೆಯ ವಾರದ ವೇಳಾಪಟ್ಟಿಯನ್ನು. ಅಡುಗೆಮನೆ, ಮಕ್ಕಳ ಪಾಠ, ರಕ್ತದೊತ್ತಡದ ತಪಾಸಣೆ, ಇವಕ್ಕೆ ಬೀದಿಯ ಹೊಸ ನೆರೆಯವರೂ ಬರುತ್ತಾರೆಯೇ ಎಂದು ಕೇಳುತ್ತೇನೆ. ಬರುತ್ತಾರಾದರೆ ಅವರಿಂದಲೂ ತಿಂಗಳಿಗೆ 10 ಡಾಲರ್ ಕೇಳಿ ಎನ್ನುತ್ತೇನೆ. ಕೇಳಲು ಸಂಕೋಚ ಎನ್ನುತ್ತಾರೆ. ಸಲಿವನ್ ಅವರಿಗೆ ಆ ಸಂಕೋಚ ಇರಲಿಲ್ಲ.